ಬಾಯಿ ಬಿಡಿಸುವ ಕುರ್ಚಿ

ನಾನು ಒಂದು ಸಾಗವಾನಿ ಕುರ್ಚಿ. ಧಾರವಾಡದ ಬಡಿಗೇರ ಮೌನೇಶಪ್ಪ ನನ್ನನ್ನು ಮಾಡಿದ. ನನ್ನ ಕೈಗಳಿಗೆ ಎಣ್ಣೆ ಸವರುತ್ತಾ, "ಕುಂತವ್ರಿಗೆ ಏಳಾಕ ಮನಸ್ಸ ಬರಬಾರ್ದು, ನೋಡು" ಎಂದಿದ್ದ. ಪಾಪ, ನಾನು ಎಲ್ಲಿಗೆ ಹೋಗುತ್ತೇನೆಂದು ಅವನಿಗೇನು ಗೊತ್ತು!

ನನ್ನನ್ನು ಒಯ್ದದ್ದು ಒಂದು ಪೊಲೀಸ್ ಠಾಣೆಗೆ. ಅಲ್ಲಿ ಮೊದಲು ಬಾಗಿಲು ಮುಚ್ಚಿ ಹೊರಗಿನಿಂದ ಚಿಲಕ ಬೀಳುತ್ತಿತ್ತು. ಆಮೇಲೆ ಚಹಾ ಬರುತ್ತಿತ್ತು. "ಹೆದರಬ್ಯಾಡ, ಏನೈತಿ ಹೇಳು" ಎಂಬ ಮೆತ್ತನೆಯ ದನಿ. ಹೇಳಿದರೂ ಏಟು, ಹೇಳದಿದ್ದರೂ ಏಟು. ಕೂತವರು ತಾವಾಗಿ ಏಳುತ್ತಿರಲಿಲ್ಲ, ಎಳೆದು ಎಬ್ಬಿಸುತ್ತಿದ್ದರು. ಒಂದು ದಿನ ನನ್ನ ಕಾಲೂ ಮುರಿಯಿತು. ಹರಾಜಿಗೆ ಹಾಕಿದರು.

ಕೊಂಡವರು ಆಪ್ತಸಮಾಲೋಚಕಿ ವಿಜಯಮಾಲಾ. ಕಾಲು ಜೋಡಿಸಿ ತಮ್ಮ ಕೋಣೆಯಲ್ಲಿ ಇಟ್ಟುಕೊಂಡರು. ಎದುರಿಗೆ ಅವರ ಕುರ್ಚಿ, ಗೋಡೆಗೆ ಗಡಿಯಾರ. ಇಲ್ಲೂ ಮೊದಲು ಬಾಗಿಲೇ ಮುಚ್ಚಿತು; ಇನ್ನು ಏಟು ಎಂದುಕೊಂಡೆ.

ಮೊದಲು ಬಂದವಳು ಶಿವಲೀಲಾ, ಹೈಸ್ಕೂಲು ಟೀಚರು. ಎರಡು ತಿಂಗಳಿಂದ ಶಾಲೆಯ ಕಡೆ ಹೋಗಿರಲಿಲ್ಲ. ಜೊತೆಗಿದ್ದ ಅಣ್ಣ ರುದ್ರಗೌಡ ನಿಂತೇ ವರದಿ ಒಪ್ಪಿಸಿದ. "ಉಣ್ಣಂಗಿಲ್ಲ, ಅತ್ತಿಗಿ ಕೂಡ ಸೈತ ಮಾತಾಡಂಗಿಲ್ಲ. ಒಂದೀಟು ಬುದ್ಧಿ ಹೇಳ್ರಿ ಮೇಡಂ."

"ಬುದ್ಧಿ ಹೇಳೂದು ನನ್ನ ಕೆಲಸ ಅಲ್ರಿ. ನಾ ಅವರ ಮಾತು ಕೇಳತೀನಿ. ನೀವು ಹೊರಗ ಕೂಡ್ರಿ."

ಅವನು ಹೋದ ಮೇಲೆ ಠಾಣೆಯಲ್ಲಿ ಕೇಳಿದಂಥದೇ ಮೆತ್ತನೆಯ ದನಿ ವಿಜಯಮಾಲಾರಿಂದ ಬಂತು. "ಇಲ್ಲಿ ಹೇಳಿದ್ದು ಹೊರಗ ಹೋಗೂದಿಲ್ಲ. ನಿಮ್ಮ ಜೀವಕ್ಕ ಅಪಾಯ ಅದ ಅನಿಸಿದ್ರ ಮಾತ್ರ ಮನ್ಯಾಗ ಒಬ್ಬರಿಗೆ ತಿಳಸಬೇಕಾಗತದ. ಅದನ್ನೂ ಮೊದಲ ನಿಮಗ ಹೇಳತೀನಿ. ಇವತ್ತ ಏನೂ ಮಾತಾಡದಿದ್ರೂ ನಡೀತದ."

ಈ ನಯ ನಾನು ಕಾಣದ್ದೇ? ಕಿರುಗುಟ್ಟಿ ಎಚ್ಚರಿಸಿದೆ: ಬಾಯಿ ಬಿಡಬೇಡ, ತಾಯಿ. ಅವಳು ಮುಕ್ಕಾಲು ತಾಸು ಬಾಯಿ ಬಿಡಲಿಲ್ಲ. ಠಾಣೆಯಲ್ಲಿ ಕೂತವರ ಬೆರಳು ನನ್ನ ಕೈಯಲ್ಲಿ ಸವೆಸಿದ ಜಾಗವನ್ನೇ ಬಿಗಿಯಾಗಿ ಹಿಡಿದಿದ್ದಳು. ಮುಂದಿನ ಗುರುವಾರವೂ ಹಾಗೆಯೇ ಕಳೆಯಿತು.

ಮೂರನೆಯ ಗುರುವಾರ ಅಂದೇಬಿಟ್ಟಳು: "ಬದುಕೂದ ಬ್ಯಾಡ ಅನಸ್ತದರಿ."

ನಾನು ಏಟಿಗಾಗಿ ಕಾದೆ. ವಿಜಯಮಾಲಾ ಕೈ ಎತ್ತಲಿಲ್ಲ. "ಹೇಳಿದ್ದು ಛಲೋ ಆತು. ಈಗ ಇದನ್ನ ಒಬ್ಬರಿಗೆ ತಿಳಸಬೇಕು, ಡಾಕ್ಟರಿಗೂ ತೋರಸಬೇಕು. ಯಾರನ್ನ ಕರಸೂಣು, ನೀವ ಹೇಳ್ರಿ."

"ಅಣ್ಣ ಬ್ಯಾಡ. ಅತ್ತಿಗಿನ್ನ ಕರಸ್ರಿ."

ಅತ್ತಿಗೆ ಹಿಟ್ಟಿನ ಕೈಯಲ್ಲೇ ಆಟೋ ಹಿಡಿದು ಬಂದಳು. ಏನನ್ನೂ ಕೇಳದೆ ನಾದಿನಿಯ ತೋಳು ಹಿಡಿದು ಡಾಕ್ಟರ ಬಳಿಗೆ ಕರೆದುಕೊಂಡು ಹೋದಳು.

ಮತ್ತೆ ಗುರುವಾರ ಬಂತು. ಅವಳು ಬರುವ ನಾಲ್ಕು ಗಂಟೆಯಾಯಿತು, ಯಾರೂ ಇಲ್ಲ. ನಾಲ್ಕೂ ಹತ್ತು. ವಿಜಯಮಾಲಾ ಫೋನು ಎತ್ತಿಕೊಂಡು ಅತ್ತಿಗೆಯ ನಂಬರು ಒತ್ತಿದರು. ಇಲ್ಲೂ ಬಾಯಿ ಬಿಡಿಸಿಯೇ ಕೊಂದೆವಲ್ಲ ಎಂದು ನನಗೆ ಅಳು ಬಂತು. ಆಗ ಹೊರಗೆ ಎರಡು ಜೊತೆ ಚಪ್ಪಲಿಯ ಸದ್ದು. ಅತ್ತಿಗೆ ಹೊರಗೆ ಕೂತಳು. ಶಿವಲೀಲಾ ಒಳಗೆ ಬಂದು, ತಡವಾಯಿತೆಂದು ಹೇಳಿ ಮಾತಿಗೆ ತೊಡಗಿದಳು. ಹೊತ್ತಾದಾಗ ತಾನಾಗಿಯೇ ಎದ್ದು, ಒಳಗಿನ ಚಿಲಕ ತಾನೇ ತೆಗೆದು ಹೋದಳು.

ಈಗ ನಾನು ಮುದಿ. ಬಾಗಿಲು ಮುಚ್ಚಿದಾಗಲೆಲ್ಲ ಜೋಡಿಸಿದ ಕಾಲು ಇವತ್ತಿಗೂ ನಡುಗುತ್ತದೆ. ಎದ್ದು ಹೋದವರಲ್ಲಿ ಕೆಲವರು ಮತ್ತೆ ಬರಲೇ ಇಲ್ಲ. ಹೊಸಬರು ಬಂದು ಅದೇ ಸವೆದ ಜಾಗವನ್ನು ಹಿಡಿದು ಕೂರುತ್ತಾರೆ. ಚಿಲಕ ಒಳಗಡೆ ಇದೆ ಎಂದು ಅವರಿಗೆ ಹೇಳಬೇಕು. ನನಗೆ ಬಾಯಿಲ್ಲ.