ಮೊದಲ ತುತ್ತು

"ಮೊದಲ ನೀ ತಿನ್ನು," ಎಂದ ಕೊಟ್ರಬಸಪ್ಪ.

ವಿರೂಪಾಕ್ಷಮ್ಮ ಗಂಡನ ತಟ್ಟೆಯ ರೊಟ್ಟಿಯಿಂದ ಒಂದು ತುಣುಕು ಮುರಿದು, ಪುಂಡಿಪಲ್ಲೆ ಹಚ್ಚಿ ಬಾಯಿಗಿಟ್ಟುಕೊಂಡಳು. ಅಗಿದು ನುಂಗಿದ ಮೇಲೆ ತಟ್ಟೆಯನ್ನು ಅವನತ್ತ ಸರಿಸಿದಳು. ಒಂದು ತಿಂಗಳಿಂದ ಹೀಗೇ ನಡೆದಿತ್ತು. ಏಕೆಂದು ಅವಳು ಕೇಳಿರಲಿಲ್ಲ. ಕೇಳದೆ ಇದ್ದದ್ದೇ ಅವನ ಸಂಶಯಕ್ಕೆ ಮೇವಾಯಿತು. ತಪ್ಪಿಲ್ಲದವಳಾಗಿದ್ದರೆ ಒಂದು ಜಗಳವನ್ನಾದರೂ ತೆಗೆಯಬೇಡವೇ?

ಅವನ ಕಾಲುಗಳು ಊದಿದ್ದವು. ಬೆಳಗ್ಗೆ ಎದ್ದರೆ ಮುಖ ನಾದಿಟ್ಟ ಹಿಟ್ಟಿನ ಹಾಗೆ ಉಬ್ಬಿರುತ್ತಿತ್ತು. ಬೆಳ್ಳಿಯುಂಗುರ ಬೆರಳಿಗೆ ಕಚ್ಚಿಕೊಂಡು ಎಣ್ಣೆ ಹಚ್ಚಿದರೂ ಜಾರುತ್ತಿರಲಿಲ್ಲ. ಮಗ್ಗದ ಕುಣಿಯಲ್ಲಿ ಇಳಿಬಿಟ್ಟ ಕಾಲಿಗೆ ತುಳಿಯುವ ಕಸುವೇ ಇಲ್ಲ. ಯುದ್ಧದ ದೆಸೆಯಿಂದ ನೂಲು ಸಿಗದ ಆ ವರ್ಷ, ಸಿಕ್ಕ ನೂಲನ್ನೂ ನೇಯಲಾಗದೆ ಅವನು ಗೋಡೆಗೆ ಒರಗಿ ಕೂತಿರುತ್ತಿದ್ದ.

"ಮದ್ದು ಹಾಕ್ಯಾಳಪ, ಕೂಳಾಗ ಹಾಕ್ಯಾಳ," ಎಂದಿದ್ದಳು ಅವನ ಜೊತೆಗೇ ಇದ್ದ ವಿಧವೆ ಅಕ್ಕ ಮುದಕಮ್ಮ. "ಉಡಿಕಿ ಲಗ್ನ ಮಾಡಿಕೊಳ್ಳೂ ಮುಂದ ಅಕಿ ಮೊದಲಿನ ಗಂಡ ಹೆಂಗ ಸತ್ತ ಅಂತ ಯಾರನ್ನರ ಕೇಳಿದ್ಯೇನು?"

ಮೊದಲಿನವನು ಪ್ಲೇಗಿನಲ್ಲಿ ಸತ್ತದ್ದು ಕನಕಗಿರಿಗೆಲ್ಲ ಗೊತ್ತಿತ್ತು, ಮುದಕಮ್ಮನಿಗೂ ಗೊತ್ತಿತ್ತು. ಆದರೆ ಗೊತ್ತಿರುವುದು ಒಂದು, ಆಡುವುದು ಇನ್ನೊಂದು.

ಆ ಮನೆಯಲ್ಲಿ ಕೊಟ್ರಬಸಪ್ಪ ನಂಬಿದ್ದು ಒಂದನ್ನೇ, ಸೊಂಟದ ಚೀಲದಲ್ಲಿದ್ದ ಜೇಷ್ಠಮಧುವನ್ನು. ಆರು ತಿಂಗಳ ಹಿಂದೆ ಉಂಡದ್ದೆಲ್ಲ ಕೆಂಡವಾಗಿ ಹೊಟ್ಟೆ ಉರಿಯುತ್ತಿದ್ದಾಗ ಹಕೀಮ ಮೌಲಾಹುಸೇನರು ಆ ಸಿಹಿ ಬೇರನ್ನು ಕೊಟ್ಟಿದ್ದರು. ಉರಿ ಕೈಯಿಂದ ತೆಗೆದಂತೆ ಹೋಗಿತ್ತು. ಅವರು ಕೊಟ್ಟದ್ದು ತೀರಿದ ಮೇಲೂ ಅವನು ಬಿಡಲಿಲ್ಲ, ಸಂತೆಯಲ್ಲಿ ಕೊಂಡು ತಂದ. ಕಷಾಯವನ್ನು ತಾನೇ ಕಾಸುತ್ತಿದ್ದ, ಆಗ ಹೆಂಡತಿ ಒಲೆಯ ಹತ್ತಿರ ಸುಳಿಯುವಂತಿರಲಿಲ್ಲ. ಊತ ಏರಿದಂತೆ, ಹಾಕಿದ ಮದ್ದನ್ನು ಮುರಿಯಲಿ ಎಂದು ಬೇರನ್ನೂ ಏರಿಸಿದ. ಈಗ ಮೂರು ಹೊತ್ತು ಕಷಾಯ, ನಡುನಡುವೆ ಅಗಿಯಲು ಒಂದು ತುಂಡು.

ಅಂದು ಮುದಕಮ್ಮ ಬಂಡಿ ಹೇಳಿಸಿದ್ದಳು. ವಿರೂಪಾಕ್ಷಮ್ಮನನ್ನು ತಾವರಗೇರಿಯ ತವರಿಗೆ ಬಿಟ್ಟುಬರುವುದು, ಮತ್ತೆ ಕರೆಯದಿರುವುದು ಎಂದು ತೀರ್ಮಾನವಾಗಿತ್ತು. ಅವಳು ಗಂಟು ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಳು.

"ಹೋಗ್ತೀನ್ರಿ. ದಾರಿಯೊಳಗ ಹಕೀಮರಿಗೆ ಒಮ್ಮಿ ಕಾಲು ತೋರಸ್ರಿ. ನಾ ಮದ್ದು ಹಾಕೀನಿ ಅಂತ ಅವರಂದ್ರ ನಾಕು ಮಂದಿ ಮುಂದ ಹೇಳ್ರಿ. ಇಲ್ಲಂದ್ರ ಈ ಹೆಸರು ಹೊರಸಿ ಕಳಸಬ್ಯಾಡ್ರಿ. ನನ್ನ ತಂಗೇರ ಲಗ್ನ ಆಗೂದಿಲ್ಲ."

ಬಂಡಿ ಹಕೀಮರ ಮನೆಯ ಮುಂದೆ ನಿಂತಿತು. ಹಕೀಮರು ಅವನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದರು. ಕುಳಿ ಹಾಗೇ ಉಳಿಯಿತು. ನಾಡಿ ಹಿಡಿದು, ಏನೇನು ತಿನ್ನುತ್ತೀರಿ ಎಂದು ಕೇಳಿದರು. ಕೊಟ್ರಬಸಪ್ಪ ಅಭಿಮಾನದಿಂದ ಚೀಲ ಬಿಚ್ಚಿದ.

"ನನ್ನ ಜೀಂವ ಉಳಿಸಿದ್ದು ಇದೊಂದ ನೋಡ್ರಿ."

"ನಾ ಎಷ್ಟು ದಿನ ಅಂದಿದ್ದೆ?"

"ಹದಿನೈದು ದಿನರಿ."

"ಈಗ ಎಷ್ಟಾತು?"

"ಆರು ತಿಂಗಳಾತ್ರಿ."

ಹಕೀಮರು ಚೀಲವನ್ನು ತಮ್ಮ ಕಡೆಗೆ ಎಳೆದುಕೊಂಡರು. "ಇದು ಹೊಟ್ಟಿ ಹುಣ್ಣು ಮಾಯಸ್ತೈತಿ, ಖರೆ. ಭಾಳ ದಿನ ತಿಂದ್ರ ಮೈಯಾಗ ನೀರು ಹಿಡದು ಇಡತೈತಿ, ಕಾಲಾಗಿನ ಕಸುವು ತಗೀತೈತಿ. ದಿನ ಎಣಿಸಿ ಹೇಳಿದ್ದು ಅದಕ್ಕ. ಇದನ್ನ ಬಿಡ್ರಿ, ಉಪ್ಪು ಕಡಿಮಿ ಮಾಡ್ರಿ, ಮನ್ಯಾಗಿನ ಅಡಗಿ ಉಣ್ರಿ. ಹದಿನೈದು ದಿನದಾಗ ಇಳೀದಿದ್ರ ಬಂದು ನನ್ನ ಕೇಳ್ರಿ."

ಕೊಟ್ರಬಸಪ್ಪ ಬಂಡಿಯಲ್ಲಿ ಕೂತ ಹೆಂಡತಿಯತ್ತ ಹೊರಳಿ ನೋಡಿದ. ಇಲ್ಲಿಗೇ ಬರೋಣ ಎಂದವಳು ಇವಳಲ್ಲವೇ? ಮೊದಲೇ ಬಂದು ಮಾತಾಡಿ ಹೋಗಿದ್ದರೆ? ಆದರೂ ಹದಿನೈದು ದಿನವೇನು ಮಹಾ, ಕಪಟವಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ ಎಂದುಕೊಂಡು ಬಂಡಿ ತಿರುಗಿಸಲು ಹೇಳಿದ. ಇಬ್ಬರೂ ಮರಳಿ ಬಂದದ್ದು ಕಂಡು, ಹಕೀಮನಿಗೂ ಏನೋ ತಿನ್ನಿಸಿದ್ದಾಳೆ ಎಂದು ಮುದಕಮ್ಮ ಮನೆಯ ಬಾಗಿಲಲ್ಲೇ ಗೊಣಗಿದಳು.

ಬೇರಿಲ್ಲದೆ ಬಾಯಿ ಸಪ್ಪಗಾಯಿತು. ಪ್ರತಿ ತುತ್ತಿಗೂ ಅವಳ ಮುಖ ನೋಡಿ ಉಂಡ. ನಾಲ್ಕು ದಿನ ಕಳೆಯುವಷ್ಟರಲ್ಲಿ ಮೂತ್ರಕ್ಕೆ ಹಿತ್ತಿಲಿಗೆ ಓಡಾಡುವುದು ಹೆಚ್ಚಾಯಿತು, ಕಣ್ಣಿನ ಕೆಳಗಿನ ಉಬ್ಬು ಇಳಿಯಿತು. ಹದಿಮೂರನೆಯ ದಿನ ಮಗ್ಗದ ಮುಂದೆ ಕೂತು ಲಾಳಿ ಎಸೆಯುತ್ತಿದ್ದಾಗ ಉಂಗುರ ತಾನಾಗಿ ಜಾರಿ ಕುಣಿಯೊಳಗೆ ಬಿತ್ತು. ಬಗ್ಗಿ ಎತ್ತಿಕೊಂಡು ಅದನ್ನೇ ನೋಡುತ್ತ ಕೂತ. ಅವನಿಗೆ ನಾಚಿಕೆಯಾಯಿತು, ಎದ್ದು ಒಳಗೆ ಹೋಗಲು ಕಾಲಿಗಿಂತ ಮನಸ್ಸಿಗೇ ಹೆಚ್ಚು ಕಷ್ಟವಾಯಿತು.

ವಿರೂಪಾಕ್ಷಮ್ಮ ತಟ್ಟೆ ತಂದಿಟ್ಟು, ಎಂದಿನಂತೆ ರೊಟ್ಟಿಯ ಅಂಚು ಮುರಿದಳು.

"ಇನ್ನ ಮ್ಯಾಲ ಅದು ಬ್ಯಾಡ," ಎಂದ ಕೊಟ್ರಬಸಪ್ಪ.

ಅವಳು ತುಣುಕನ್ನು ಬಾಯಿಗಿಟ್ಟುಕೊಂಡು, ಅವನಿಗೆ ಕಾಣುವಂತೆ ನಿಧಾನವಾಗಿ ಅಗಿದು ನುಂಗಿದಳು.

"ಇರಲ್ರಿ," ಎಂದಳು.

ತಟ್ಟೆಯನ್ನು ಅವನತ್ತ ಸರಿಸಿದಳು. ಅಂಚು ಮುರಿದ ರೊಟ್ಟಿಯಿಂದ ಇನ್ನೂ ಹಬೆ ಏಳುತ್ತಿತ್ತು.