ನೆಲಾ ಮುಟ್ಟದಂಗ ಬಾ ಅಂದ ದೇವಿ

ವಿಮಲಾ ಮೇಡಂ ವಿಶಾಖಪಟ್ಟಣದಿಂದ ಮೂಗಿನ ತುದಿ ಕೆಂಪಗೆ ಸುಟ್ಟುಕೊಂಡು ಬಂದ ಸೋಮವಾರವೇ ದೇವಕ್ಕನ ತಲೆ ಕೆಟ್ಟಿತು.

ಮೇಡಂ ಮೈಸೂರಿನ ಕಡೆಯವರು, ಬ್ಯಾಂಕಿನಲ್ಲಿ ದೊಡ್ಡ ಕೆಲಸ, ಮುಂಬೈನ ಬಾಂದ್ರಾದಲ್ಲಿ ಆರನೇ ಮಹಡಿಯ ಮನೆ. ಆ ಮನೆಯ ಅಡುಗೆ ಹನ್ನೊಂದು ವರ್ಷದಿಂದ ದೇವಕ್ಕನದು. ಭಾಂಡುಪ್‌ನ ಚಾಳಿನಿಂದ ಹೊರಟು, ಲೋಕಲ್ ಹತ್ತಿ, ದಾದರದಲ್ಲಿ ಬದಲಿಸಿ, ಎಂಟಕ್ಕೆ ಸರಿಯಾಗಿ ಅಲ್ಲಿ ಒಲೆ ಹಚ್ಚುತ್ತಾಳೆ. ಅವತ್ತು ಚಪಾತಿ ಲಟ್ಟಿಸುತ್ತಿದ್ದವಳ ಮುಂದೆ ಮೇಡಂ ಫೋನ್ ಹಿಡಿದು ಫೋಟೋ ತೋರಿಸಿದರು. ಒಂದರಲ್ಲೂ ಗುಡಿಯಿಲ್ಲ, ನೆಂಟರಿಲ್ಲ. ಬರೀ ಮರಳು, ಮರಳಿನ ಮೇಲೆ ಮೇಡಂ ಅವರ ಎರಡು ಪಾದ.

"ಮೂರು ದಿನ ಏನ್ ಮಾಡಿದ್ರಿ ಅಕ್ಕಾರ?"

"ಏನೂ ಮಾಡ್ಲಿಲ್ಲ ದೇವಕ್ಕಾ. ಸುಮ್ನೆ ಕೂತಿದ್ದೆ."

ಲಟ್ಟಣಿಗೆ ನಿಂತಿತು. ನಲವತ್ತಾರು ವರ್ಷದ ಬಾಳಿನಲ್ಲಿ ದೇವಕ್ಕ ಸುಮ್ಮನೆ ಕೂತದ್ದು ಎರಡೇ ಸಲ. ಒಮ್ಮೆ ಮದುವೆಯ ಹಸೆಮಣೆಯ ಮೇಲೆ, ಇನ್ನೊಮ್ಮೆ ಟೈಫಾಯ್ಡ್ ಬಂದಾಗ. ಹಸೆಮಣೆಯ ಮೇಲೂ ಯಾವಳೋ ಬಂದು ತನ್ನ ಕೂಸನ್ನು ಇವಳ ತೊಡೆಗೆ ಹಾಕಿ ಊಟಕ್ಕೆ ಹೋಗಿದ್ದಳು.

ಸಂಜೆ ಗಂಡನಿಗೆ ನೇರವಾಗಿಯೇ ಹೇಳಿದಳು. ಸಾಯಬಣ್ಣ ಭಾಂಡುಪ್‌ನಲ್ಲೇ ಒಂದು ಬಿಲ್ಡಿಂಗಿನ ವಾಚ್‌ಮನ್. ಕೂತಲ್ಲೇ ಹೊಟ್ಟೆ ಅಲುಗಿಸಿ ನಕ್ಕ.

"ಸಮುದ್ರ ನೋಡಲಾಕ ಮುಂಬೈ ಬಿಟ್ಟು ಹೋಗ್ತಾರೇನು? ನಿನ್ನ ಮೇಡಂನ ಕಿಟಕ್ಯಾಗ ದಿನಾ ಕಾಣಸ್ತದಲ್ಲ?"

"ಕಾಣಸ್ತದರಿ. ಆದ್ರ ಅದರ ಮುಂದ ನಿಂತು ಒಗ್ಗರಣಿ ಹಾಕಬೇಕು."

"ಮತ್ತೇನು, ಸಮುದ್ರ ಬಂದು ಹಾಕ್ತದೇನು?" ಅಂದು ಅವನು ಟಿವಿಯ ಕಡೆ ತಿರುಗಿದ.

ಇದೇ ಸಾಯಬಣ್ಣ ವರ್ಷಕ್ಕೆರಡು ಸಲ ಗೆಳೆಯರ ಜೊತೆ ದೇವರಿಗೆ ಹೋಗಿಬರುತ್ತಿದ್ದ. ಗಾಣಗಾಪುರ, ಪಂಢರಪುರ, ತುಳಜಾಪುರ, ಎಲ್ಲಿಗೆ ಹೋದರೂ ಬರುವಾಗ ಎರಡು ಕಿಲೋ ದಪ್ಪಗಾಗಿ ಬರುತ್ತಿದ್ದ. ಯಾರೂ ಕೇಳುವಂತಿಲ್ಲ, ದೇವರ ಕೆಲಸ. ಆ ರಾತ್ರಿ ಪಾತ್ರೆ ತಿಕ್ಕುತ್ತ ದೇವಕ್ಕನಿಗೆ ದಾರಿ ಹೊಳೆಯಿತು. ಗಂಡ ಹೆಂಡತಿಯ ಮಾತು ತೆಗೆದುಹಾಕಬಹುದು, ದೇವಿಯ ಮಾತು ತೆಗೆದುಹಾಕಲಾರ.

ಬೆಳಗಾಗುತ್ತಲೇ ಕೂದಲು ಬಿಚ್ಚಿಕೊಂಡು ಎದ್ದು ಕೂತಳು.

"ಕನಸಿನ್ಯಾಗ ಕಡಲವ್ವ ಬಂದಿದ್ಳರಿ. ವಿಶಾಖಪಟ್ಟಣದಾಗ ಅದಾಳಂತ. ಬಾ ಅಂದಾಳ."

ಸಾಯಬಣ್ಣ ಹಾಸಿಗೆಯಲ್ಲೇ ಕೈ ಮುಗಿದ. "ರೈಲಿಗೆ ಹೋಗು ಹಂಗಾದ್ರ."

"ನೆಲಾ ಮುಟ್ಟದಂಗ ಬಾ ಅಂದಾಳರಿ. ಆಕಾಶದಾಗ."

ಸಾಯಬಣ್ಣ ಯೋಚಿಸಿದ. ಅವನೇನು ದಡ್ಡನಲ್ಲ. "ಮನಿಯಿಂದ ಏರ್‌ಪೋರ್ಟ್ ತನಕ?"

"ಆಟೋ ನೆಲಾ ಮುಟ್ತದ. ನಾ ಮುಟ್ಟಂಗಿಲ್ಲಲ್ಲ."

ಈ ಉತ್ತರ ಎಲ್ಲಿಂದ ಬಂತೋ ದೇವಕ್ಕನಿಗೇ ಗೊತ್ತಿರಲಿಲ್ಲ. ಒಂದು ಕ್ಷಣ ಅವಳಿಗೂ ಕಡಲವ್ವ ನಿಜವಿರಬಹುದೇನೋ ಅನ್ನಿಸಿತು.

ಟಿಕೆಟಿನ ಜವಾಬ್ದಾರಿ ಮಗಳು ನಿಶಾ ಹೊತ್ತಳು. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ. ಭಾಂಡುಪ್‌ನಲ್ಲೇ ಹುಟ್ಟಿದವಳು, ಅವಳ ಕನ್ನಡಕ್ಕೆ ಕೈಕಾಲು ಇತ್ತೇ ಹೊರತು ಬೆನ್ನುಮೂಳೆ ಇರಲಿಲ್ಲ. "ಅವ್ವಾ, ಟೆನ್ಶನ್ ಮತ್ ಲೇ. ಸೇಲ್ ಚಾಲೂ ಹೈ. ನಾನು ಬುಕ್ ಮಾಡ್ತಾಳೆ, ನಾನು ಭೀ ಬರ್ತಾಳೆ," ಅಂದಳು. ಬೀಚಿನ ಎದುರಿನ ಓಣಿಯಲ್ಲಿ ಒಂದು ಲಾಡ್ಜನ್ನೂ ಹುಡುಕಿದಳು. ತಾಯಿಮಗಳು ಅಡುಗೆಕಟ್ಟೆಯ ಹಿಂದೆ ಫೋನಿನ ಮೇಲೆ ತಲೆಗೆ ತಲೆ ಹಚ್ಚಿ ಕೂತು, ವಿಮಾನದಲ್ಲಿ ಕಿಟಕಿ ಯಾರಿಗೆ ಎಂದು ಜಗಳವಾಡಿದರು.

ಕೆಟ್ಟದ್ದು ನಾಲ್ಕನೇ ದಿನ. ಸಾಯಬಣ್ಣ ಡ್ಯೂಟಿಯಿಂದ ಬಂದವನೇ ಟೋಪಿ ತೆಗೆದಿಟ್ಟು, "ರಜಾ ಕೇಳೀನಿ. ನಾನೂ ಬರ್ತೀನಿ. ಕರದಾಕಿ ದೇವಿ, ಗಂಡ ಮನ್ಯಾಗ ಕುಂತ್ರ ಸಿಟ್ಟಾಗ್ತಾಳ," ಅಂದ.

ನಿಶಾ ಕೆಮ್ಮಿದಳು. ದೇವಕ್ಕ ಹಿಂದೆಮುಂದೆ ನೋಡಲಿಲ್ಲ. "ಗಂಡಸರು ಬರಬಾರದಂತರಿ. ಬಂದ್ರ ಕಣ್ಣು ಹೋಗ್ತಾವಂತ."

ಸಾಯಬಣ್ಣ ತನ್ನ ಎರಡೂ ಕಣ್ಣು ಮುಟ್ಟಿ ನೋಡಿಕೊಂಡು ಕೂತ. ಗಂಡಾಂತರ ತಪ್ಪಿತು ಎಂದು ದೇವಕ್ಕ ಉಸಿರು ಬಿಡುವುದರೊಳಗೆ ಮೂಲೆಯಿಂದ ಇನ್ನೊಂದು ದನಿ ಬಂತು. ಅತ್ತೆ ರಾಚವ್ವ, ಎಪ್ಪತ್ತೆರಡರ ಮುದುಕಿ, ಅಡಕತ್ತರಿಯಲ್ಲಿ ಅಡಿಕೆ ಚೂರು ಮಾಡುತ್ತಿದ್ದವಳು ತಲೆ ಎತ್ತದೆ ಅಂದಳು:

"ನಾ ಏನು ಗಂಡಸಾ? ನನಗೂ ಒಂದು ಟಿಕೀಟು ತಗಸು."

ಅಲ್ಲಿಗೆ ರಜೆ ಕೆಟ್ಟಿತು ಎಂದು ದೇವಕ್ಕ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಗುಡಿ ಎಲ್ಲಿ ಎಂದು ಅತ್ತೆ ಕೇಳಿದರೆ ಯಾವುದನ್ನು ತೋರಿಸುವುದು?

ಹೊರಡುವ ದಿನ ಸಾಯಬಣ್ಣ ದೇವಿಗೆಂದು ಒಂದು ತೆಂಗಿನಕಾಯಿಗೆ ಅರಿಶಿನ ಹಚ್ಚಿ ಕೊಟ್ಟ. ಏರ್‌ಪೋರ್ಟಿನಲ್ಲಿ ಕಾಯಿ ದೊಡ್ಡ ಬ್ಯಾಗಿನಲ್ಲಿ ಸುಮ್ಮನೆ ಹೋಯಿತು. ಸಿಕ್ಕಿಬಿದ್ದದ್ದು ರಾಚವ್ವನ ಸೊಂಟದ ಸಂಚಿಯೊಳಗಿನ ಅಡಕತ್ತರಿ. ತಪಾಸಣೆಯ ಹೆಣ್ಣುಮಗಳು ಅದನ್ನು ಎತ್ತಿ ಹಿಡಿದು, ಇದು ಒಳಗೆ ಬಿಡುವುದಿಲ್ಲ ಅಂದಳು.

"ಇದ್ರಾಗ ನಿನ್ನ ವಿಮಾನ ಕತ್ತರಿಸ್ತೀನೇನು? ಅಡಿಕಿ ಕತ್ತರಿಸಲಾಕೇ ಬರವಲ್ದು!" ರಾಚವ್ವನ ದನಿಗೆ ಹಿಂದಿನ ಸಾಲೆಲ್ಲ ತಿರುಗಿ ನೋಡಿತು.

"ಏನಂತಾರೆ ಇವರು?" ಎಂದು ಆ ಹೆಣ್ಣುಮಗಳು ಹಿಂದಿಯಲ್ಲಿ ಕೇಳಿದಳು.

"ನಿಮಗೆ ಆಶೀರ್ವಾದ ಮಾಡ್ತಿದ್ದಾರೆ," ಅಂದಳು ನಿಶಾ, ಅದೂ ಹಿಂದಿಯಲ್ಲೇ.

ಅಡಕತ್ತರಿ ಡಬ್ಬಿಗೆ ಬಿತ್ತು. ಸಿಟ್ಟಿಗೆ ರಾಚವ್ವ ಕಿಟಕಿಯ ಸೀಟು ಕಿತ್ತುಕೊಂಡಳು. ವಿಮಾನ ಮೇಲೇಳುವಾಗ ದೇವಕ್ಕ ಕಣ್ಣು ಮುಚ್ಚಿ ಇದ್ದಬದ್ದ ದೇವರನ್ನೆಲ್ಲ ಕರೆದಳು, ಕಡಲವ್ವನನ್ನು ಮಾತ್ರ ನಾಚಿಕೆಯಾಗಿ ಕರೆಯದೆ ಬಿಟ್ಟಳು.

ವಿಶಾಖಪಟ್ಟಣದಲ್ಲಿ ಬಿಸಿಲು ಹಿತ್ತಾಳೆಯ ಹೊಸ ಕೊಡದಂತೆ ಹೊಳೆಯುತ್ತಿತ್ತು. ಸಮುದ್ರದ ಎದುರು ಮರಳಿನಲ್ಲಿ ಮೂವರೂ ಕೂತರು. ಕೂರುವುದು ಇಷ್ಟು ಕಷ್ಟ ಎಂದು ದೇವಕ್ಕನಿಗೆ ಗೊತ್ತಿರಲಿಲ್ಲ. ಐದು ನಿಮಿಷಕ್ಕೆ ಕೈ ತುರಿಸತೊಡಗಿದವು. ಚಪ್ಪಲಿಗಳನ್ನು ಜೋಡಿಸಿಟ್ಟಳು. ಸುತ್ತಲಿನ ಕಪ್ಪೆಚಿಪ್ಪನ್ನೆಲ್ಲ ಆರಿಸಿ ದೊಡ್ಡದು ಬೇರೆ, ಸಣ್ಣದು ಬೇರೆ ಗುಡ್ಡೆ ಮಾಡಿದಳು. ಪಕ್ಕದವರ ಟವೆಲ್ ಮಡಚಲು ಹೋದಾಗ ನಿಶಾ ಕೈ ಹಿಡಿದೆಳೆದಳು.

ಅಷ್ಟರಲ್ಲಿ ಸಾಯಬಣ್ಣನ ವಿಡಿಯೋ ಕಾಲ್ ಬಂತು. "ದರ್ಶನ ಆತೇನು? ದೇವಿ ತೋರಿಸು, ದೇವಿ ತೋರಿಸು. ದೂರದಿಂದ ನೋಡಿದ್ರ ಕಣ್ಣಿಗೆ ಏನಾಗಂಗಿಲ್ಲಲ್ಲ?"

ದೇವಕ್ಕ ಫೋನನ್ನು ಸೆರಗಿನಲ್ಲಿ ಮುಚ್ಚಿದಳು. ಫೋನನ್ನು ರಾಚವ್ವ ಕಸಿದುಕೊಂಡು, ಸಮುದ್ರದ ಕಡೆ ತಿರುಗಿಸಿ ಹಿಡಿದಳು.

"ಇಕಾ, ಇಕೀನೇ ನೋಡು. ಗುಡಿ ಇಲ್ಲ, ಪೂಜಾರಿ ಇಲ್ಲ. ಕೈ ಮುಗಿ ಲಗೂನ, ಬ್ಯಾಟರಿ ಹೋಗ್ತದ."

ವಾಚ್‌ಮನ್ ಕ್ಯಾಬಿನ್ನಿನಲ್ಲಿ ಸಾಯಬಣ್ಣ ಟೋಪಿ ತೆಗೆದು, ಕಣ್ಣು ಅರ್ಧ ಮುಚ್ಚಿ, ಬಂಗಾಳ ಕೊಲ್ಲಿಗೆ ಕೈ ಮುಗಿದ. ಫೋನು ಆರಿತು.

ದೇವಕ್ಕ ಅತ್ತೆಯ ಮುಖ ನೋಡಿದಳು. "ಅತ್ತೀ, ನಿಮಗ ಗೊತ್ತಿತ್ತೇನ್ರಿ?"

"ಆಟೋದ ಮಾತು ಆಡಿದ್ಯಲ್ಲ, ಆಗೇ." ರಾಚವ್ವ ಸೀರೆಯ ನೆರಿಗೆ ಮೊಣಕಾಲಿಗೆ ಎತ್ತಿ ಕಟ್ಟಿದಳು. "ನಾನೂ ನಿನ್ನ ವಯಸ್ಸಿನ್ಯಾಗ ಯಲ್ಲಮ್ಮಗ ಹೋಗ್ತೀನಂತ ನಿಮ್ಮ ಮಾವಗ ಹೇಳಿ, ಕಂಪನಿ ನಾಟಕ ನೋಡಲಾಕ ಹೋಗಿದ್ದೆ. ಮೂರು ಆಟ. ಬರೂವಾಗ ಅಂಗಡ್ಯಾಗಿನ ಅರಿಶಿನದ ಭಂಡಾರ ತಂದು ಅವರ ಹಣಿಗಿ ಹಚ್ಚಿದೆ. ಪಾಪ, ಆ ವರ್ಷ ಅವರಿಗೆ ನೆಗಡಿ ಸೈತ ಬರಲಿಲ್ಲ."

ಹೇಳಿದವಳೇ ನೀರಿಗಿಳಿದಳು. ಮೊದಲ ಅಲೆಗೇ ಮುದುಕಿ ಕುಂಡೆ ಊರಿ ಕೂತು, ಹಲ್ಲಿಲ್ಲದ ಬಾಯಿ ತೆಗೆದು ಕೂಸಿನ ಹಾಗೆ ಕೂಗಿದಳು. ಸಂಜೆ ತನಕ ಮೇಲೆ ಬರಲಿಲ್ಲ. ಅರಿಶಿನದ ಕಾಯಿಯನ್ನು ಅಲ್ಲೇ ಬಂಡೆಗೆ ಒಡೆದು ಚುರುಮುರಿಯ ಜೊತೆ ತಿಂದರು. ಮೂರನೇ ದಿನ ದೇವಕ್ಕ ಮರಳಿನ ಮೇಲೆ ಮಲಗಿ ಮಧ್ಯಾಹ್ನವೆಲ್ಲ ಗೊರಕೆ ಹೊಡೆದಳು. ನಾಯಿಯೊಂದು ಬಂದು ಮೂಸಿ ಹೋದದ್ದೂ ಗೊತ್ತಾಗಲಿಲ್ಲ.

ವಾಪಸು ಬಂದಾಗ ಸಾಯಬಣ್ಣ ಏರ್‌ಪೋರ್ಟಿನ ಹೊರಗೆ ಯೂನಿಫಾರ್ಮಿನಲ್ಲೇ ಕಾಯುತ್ತಿದ್ದ. ತಾಯಿಯ ಕಾಲಿಗೆ ಬಿದ್ದ. ಅವಳ ಸೀರೆಯಂಚಿನಿಂದ ಉದುರಿದ ಮರಳನ್ನು ಚಿಟಿಕೆ ಎತ್ತಿ ತಲೆಯ ಮೇಲೆ ಹಾಕಿಕೊಂಡ. ಆಟೋದಲ್ಲಿ ಡ್ರೈವರನ ಪಕ್ಕ ಮುದುರಿ ಕೂತು, ಹಿಂದೆ ತಿರುಗಿ ಮೆಲ್ಲಗೆ ಕೇಳಿದ:

"ನನಗಂತ ಏನರ ಬೇಡಿಕೊಂಡ್ಯೇನು?"

ಮೂರು ದಿನದಲ್ಲಿ ದೇವಕ್ಕನಿಗೆ ಅವನ ನೆನಪಾದದ್ದೇ ಕಡಿಮೆ. ಎಲ್ಲ ಹೇಳಿಬಿಡೋಣ ಎಂದು ಬಾಯಿ ತೆಗೆದಳು. ಪಕ್ಕದಿಂದ ರಾಚವ್ವ ಅವಳ ತೊಡೆ ಚಿವುಟಿದಳು, ಸೀರೆಯ ಮೇಲಿಂದಲೂ ಕಣ್ಣೀರು ಬರುವಷ್ಟು ಜೋರಾಗಿ.

"ಬೇಡಿಕೊಂಡೀನ್ರಿ," ಅಂದಳು ದೇವಕ್ಕ, ಕಣ್ಣು ಒರೆಸಿಕೊಳ್ಳುತ್ತ. ಅವಳ ಭಕ್ತಿ ನೋಡಿ ಸಾಯಬಣ್ಣನ ಕಣ್ಣೂ ತೇವವಾಯಿತು.