ಖಾಲಿ ನಳಿಕೆಯ ಬೆಳಕು

ವಿನಯಾ ಎರಡು ವರ್ಷ ಕೂತು ಕಟ್ಟಿದ ರಾಸಾಯನಿಕಕ್ಕೆ ಒಂದೇ ಕೆಲಸ: ರಕ್ತದಲ್ಲಿ ಮಂಗನ ಕಾಯಿಲೆಯ ಗುರುತು ಎಳ್ಳಷ್ಟಿದ್ದರೂ ಮಿನುಗಬೇಕು, ಇಲ್ಲದಿದ್ದರೆ ಸುಮ್ಮನಿರಬೇಕು. ಸಾಗರದ ನಮ್ಮ ಲ್ಯಾಬಿನಲ್ಲಿ ಆ ಬೆಳಿಗ್ಗೆ ಅದು ಸುಮ್ಮನಿರಲಿಲ್ಲ. ರಕ್ತವೇ ಹಾಕದ, ಬರೀ ನೀರಿನ ನಳಿಕೆ ಬೆಳಗುತ್ತಿತ್ತು. ಬೆಳಕು ಅಳೆಯುವ ಪೆಟ್ಟಿಗೆಯ ಪರದೆಯಲ್ಲಿ ಐವತ್ತರೊಳಗೆ ಇರಬೇಕಾದ ಅಂಕಿ ಒಂಬತ್ತು ಸಾವಿರಕ್ಕೆ ಹೋಗಿತ್ತು.

"ನಿನ್ನೆ ಸರಿ ಇತ್ತು. ಎಂತ ಆತು ಅಂತ್ಲೇ ಗೊತ್ತಾಗ್ತಾ ಇಲ್ಲೆ, ಶ್ರೀಕರ," ಅಂದಳು.

ಮಧ್ಯಾಹ್ನದೊಳಗೆ ಲ್ಯಾಬಿನ ಮುಖ್ಯಸ್ಥ ನಾರಾಯಣಮೂರ್ತಿ ಸರ್ ಹೊಸನಗರದ ಆಸ್ಪತ್ರೆಗೆ ಫೋನ್ ಮಾಡಬೇಕು. ನೀರಿನ ನಳಿಕೆ ಬೆಳಗದಿದ್ದರೆ ರೋಗಿಗಳ ಸ್ಯಾಂಪಲ್ ಬರುತ್ತವೆ. ಇಲ್ಲದಿದ್ದರೆ ಮುಂದಿನ ವರ್ಷ. ವಿನಯಾಳ ಫೆಲೋಶಿಪ್ ಮಾರ್ಚಿಗೇ ಮುಗಿಯುತ್ತದೆ.

ಮೂರು ಸಲ ನೋಡಿದೆವು. ಮೂರು ಸಲವೂ ಅದೇ. "ತನ್ನಷ್ಟಕ್ಕೆ ಒಡೆದು ಬೆಳಗ್ತಾ ಇದ್ದು. ಕಟ್ಟಿದ್ದೇ ತಪ್ಪು," ಎಂದು ರಾಸಾಯನಿಕದ ಸೀಸೆಯನ್ನು ತ್ಯಾಜ್ಯದ ಕ್ಯಾನಿನ ಬಾಯಿಗೆ ಹಿಡಿದಳು.

ಆಗ ನನ್ನ ಕಣ್ಣಿಗೆ ತಾಮ್ರದ ಚೊಂಬು ಬಿತ್ತು.

ಹಿಂದಿನ ದಿನ ಲ್ಯಾಬಿನಲ್ಲಿ ಆಯುಧಪೂಜೆ. ಪೂಜೆ ಮಾಡಿದವರು ಸರ್, ಊರು ತೀರ್ಥಹಳ್ಳಿ, ತೀರ್ಥಕ್ಕೆ ಬರವೇ? ಉಳಿದ ತೀರ್ಥ ರಾತ್ರಿಯಿಡೀ ಚೊಂಬಿನಲ್ಲೇ ಇತ್ತು. ಬೆಳಿಗ್ಗೆ ನಾನು ಮಾವಿನೆಲೆ ಅದ್ದಿ, ಸರ್ ಥರವೇ ಮೂಗಿನಲ್ಲಿ ಮಂತ್ರ ಹೇಳುತ್ತ, ಮೇಜಿಗೆಲ್ಲ ಪ್ರೋಕ್ಷಣೆ ಮಾಡಿದ್ದೆ. ವಿನಯಾ ಬಿದ್ದು ಬಿದ್ದು ನಕ್ಕಿದ್ದಳು. ನೀರಿನ ಬಾಟಲಿಯ ಮುಚ್ಚಳ ತೆರೆದಿತ್ತು. ತಾಮ್ರ ಚೂರು ಸೋಕಿದರೂ ಅವಳ ರಾಸಾಯನಿಕ ಬೆಳಗುತ್ತದೆ.

"ಚೆಲ್ಲಡ ಮಾರಾಯ್ತಿ," ಅಂದೆ. ಸೀಸೆ ಹಿಡಿದ ಅವಳ ಕೈಯನ್ನು ಹಿಂದಕ್ಕೆಳೆದೆ. ಕಂಡವರನ್ನೆಲ್ಲ ಅಣಕಿಸುವ ನನಗೂ ಹುಟ್ಟಿದಾಗಿನಿಂದ ಮಂಗನ ಕಾಯಿಲೆ. ಜ್ವರ ಮಾತ್ರ ಬಂದಿರಲಿಲ್ಲ. ಈಗ ಬಂದ ಹಾಗಾಯಿತು, ಏಕೆಂದರೆ ಸರ್ ಬಾಗಿಲಲ್ಲಿದ್ದರು.

ಎಲ್ಲ ಹೇಳಿದೆ.

"ಮಂತ್ರ ಯಾರ ಧ್ವನೀಲಿ ಹೇಳ್ದೆ?"

"ನಿಮ್ಮದ್ರಲ್ಲಿ, ಸರ್."

ಅವರು ಚೊಂಬು ನೋಡಿದರು, ನನ್ನನ್ನು ನೋಡಿದರು. "ಬೇರೆ ಬಾಟ್ಲಿ ತೆಗಿ."

ಹೊಸ ನೀರು. ಪೆಟ್ಟಿಗೆ ಮುಚ್ಚಿದೆವು. ನಲವತ್ತೊಂದು.

ವಿನಯಾ ಸ್ಟೂಲಿನ ಮೇಲೆ ಕುಸಿದಳು. ಸರ್ ಮಾತ್ರ ಫೋನ್ ಮುಟ್ಟಲಿಲ್ಲ. "ಹೊಸನಗರದಲ್ಲಿ ರಕ್ತ ತೆಗೆಯೋ ಯೋಗರಾಜನಿಗೂ ಅಡಿಕೆ ತೋಟ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಕಲಸಿದ ಕೈ. ಅದ್ರಲ್ಲಿರೋದೂ ಮೈಲುತುತ್ತ, ಅಂದ್ರೆ ತಾಮ್ರ. ಅಲ್ಲಿ ಬಾಟ್ಲಿ ಬದಲಾಯಿಸೋರು ಯಾರಮ್ಮಾ?"



 ವಿನಯಾ ಎದ್ದು, ಕಪಾಟಿನಿಂದ ಬಿಳಿ ಪುಡಿಯ ಡಬ್ಬಿ ತೆಗೆದಳು. ತಾಮ್ರವನ್ನು ಗಟ್ಟಿಯಾಗಿ ಹಿಡಿದು ಕೂರುವ ಪುಡಿ. ಚಿಟಿಕೆಯಷ್ಟನ್ನು ಹೊಸ ನೀರಿನ ನಳಿಕೆಗೆ ಹಾಕಿದಳು. "ಶ್ರೀಕರ, ತೀರ್ಥ ಹಾಕು."

ಚೊಂಬಿನಿಂದ ಒಂದು ಹನಿ ಹಾಕಿದೆ, ಮಂತ್ರವಿಲ್ಲದೆ.

ನೂರಾ ಹತ್ತು. ಅವಳು ತುಟಿ ಕಚ್ಚಿ, ಹೊಸ ನಳಿಕೆಗೆ ಎರಡು ಚಿಟಿಕೆ ಹಾಕಿದಳು. ಮತ್ತೆ ಒಂದು ಹನಿ. ಮೂವರೂ ಉಸಿರು ಹಿಡಿದು ಪರದೆ ನೋಡಿದೆವು.

ನಲವತ್ತನಾಲ್ಕು.

ಕಾಯಿಲೆಯ ಗುರುತು ಬೆರೆಸಿಟ್ಟಿದ್ದ ನಳಿಕೆಗೂ ಅದೇ ಪುಡಿ ಹಾಕಿ ನೋಡಿದಳು. ಅದು ಮೊದಲಿನಷ್ಟೇ ಬೆಳಗಿತು.

ಸರ್ ಹೊಸನಗರಕ್ಕೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. "ಸ್ಯಾಂಪಲ್ ಕಳ್ಸಿ ಅಂತ ನೀನೇ ಹೇಳು. ನಿನ್ನ ಧ್ವನೀಲಿ."